ಮೂಗಿಲ್ಲದ ಅಜ್ಜಿ, ಪೆರೇಸಂದ್ರದ ಹಿಮ

ನನ್ನ ಮೊಮ್ಮಗಳಿಗೆ ಒಂದು ಸುತ್ತು ಕಡಿಮೆ ಎಂದು ಬೇರೆ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅವಳು ಚಿತ್ರ ಬರೆಯಲೆಂದು ಅವಳ ಮುಂದೆ ಒಂದು ಗಂಟೆ ಅಲ್ಲಾಡದೆ ಕೂತು ಎದ್ದವರು ಅಂದರೆ ಮಾತ್ರ ಕಾಫಿ ಕೊಟ್ಟು ಸುಮ್ಮನಾಗುತ್ತೇನೆ!

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೆ ಒಂಬತ್ತು ವರ್ಷದ ಅವಳೇ ಗುರು. ಬೇಸಿಗೆ ರಜೆಯಲ್ಲಿ ಮೊಬೈಲಿನಲ್ಲಿ ಅದೇನು ನೋಡಿದಳೋ, "ಅಜ್ಜಿ, ನಿನ್ನನ್ನ ಹಿಮದಲ್ಲಿ ನಿಲ್ಸಿ ಬರೀತೀನಿ" ಎಂದಳು. ಬಿಸಿಲೂರು ನಮ್ಮ ಪೆರೇಸಂದ್ರದಲ್ಲಿ ಹಿಮವೇ? ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟರೆ ನಾನೆಲ್ಲಿ ಕಂಡಿದ್ದೇನೆ! ಆದರೂ ಮಟಮಟ ಮಧ್ಯಾಹ್ನ ಉಣ್ಣೆ ಶಾಲು ಹೊದಿಸಿ ಅಂಗಳದಲ್ಲಿ ನಿಲ್ಲಿಸಿದಳು.

"ಬೆವರಬೇಡ ಕಣಜ್ಜಿ, ಹಿಮ ಕರಗುತ್ತೆ!"

ಅರ್ಧಕ್ಕೇ ಬಿಳಿ ಬಣ್ಣ ಮುಗಿಯಿತು. ರೇಷ್ಮೆಹುಳುವಿನ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ ತಂದು, ಅಂಟು ಬಳಿದು, ಹಾಳೆಯ ತುಂಬ ಚೆಲ್ಲಿದಳು. ಸಂಜೆ ಮಗ ಕೂಗಿದ, "ಅಮ್ಮಾ, ಹುಳಕ್ಕೆ ಹಾಕೋ ಸುಣ್ಣ ಎಲ್ಲಿ?"

"ಚಿತ್ರದಲ್ಲಿ ನನ್ನ ತಲೆ ಮೇಲೆ ಬಿದ್ದಿದೆ, ನೋಡ್ಕೊಳ್ಳಪ್ಪಾ!"

ಚಿತ್ರವೇನು ಅಂತೀರಿ? ಬಿಳಿ ಬಯಲು, ನಡುವೆ ಹಸಿರು ಸೀರೆಯ ಗುಡ್ಡೆ, ಮೇಲೊಂದು ಕಂದು ಉಂಡೆ. ಕಣ್ಣಿಲ್ಲ, ಬಾಯಿಲ್ಲ, ಮೂಗಂತೂ ಇಲ್ಲವೇ ಇಲ್ಲ!

"ನನ್ನ ಮೂಗುತಿ ಎಲ್ಲೇ?"

"ಮೂಗುತಿ ಹಾಕಿದ್ರೆ ಮೂಗೂ ಹಾಕ್ಬೇಕಾಗುತ್ತೆ. ಚಿತ್ರದಲ್ಲಿ ಬೇಡದ್ದೆಲ್ಲ ಬಿಟ್ಬಿಡ್ಬೇಕಂತೆ ಅಜ್ಜಿ, ಮೊಬೈಲಲ್ಲಿ ಹೇಳಿದ್ರು."

ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಮೂಗು ಬೇಡದ್ದಂತೆ! ನಾನೋ, ಚಿಂತಾಮಣಿಯ ನಮ್ಮಕ್ಕನಿಗೆ "ಮಗು ಚಿತ್ರ ಬರೀತಿದಾಳೆ, ಥೇಟ್ ಇದ್ದಂಗೇ! ಯಾರದು ಅಂತ ನೀನೇ ಬಂದು ಹೇಳು" ಎಂದು ಫೋನಿನಲ್ಲಿ ಕೊಚ್ಚಿಕೊಂಡಾಗಿತ್ತು.

ಗೋಡೆಗೆ ಅಂಟಿಸಿದೆವು. ಹಾಲಿನವನು, "ರಾಗಿಮುದ್ದೇನಾ ಅಮ್ಮಾ?" ಎಂದ. ಮಗ, "ಹುತ್ತ" ಎಂದ. ಮಗುವಿನ ಮುಖ ಇಷ್ಟೇ ಇಷ್ಟಾಯಿತು. "ದೊಡ್ಡಜ್ಜಿಗೂ ಗೊತ್ತಾಗ್ದಿದ್ರೆ ಹರಿದಾಕ್ತೀನಿ. ಇನ್ಮೇಲೆ ಬರಿಯೋದೇ ಇಲ್ಲ."

ಭಾನುವಾರ ಅಕ್ಕ ಬಂದಳು. ಯಾರ ಚಿತ್ರ ಎಂದು ಸುಳಿವು ಕೊಡದೆ ನಾವಿಬ್ಬರೂ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿದೆವು. ಸೋಡಾಬುಡ್ಡಿ ಕನ್ನಡಕ ಸರಿಮಾಡಿಕೊಂಡು ಗೋಡೆ ನೋಡಿದವಳೇ, "ಏನೇ, ಈ ಚಳೀಲಿ ಯಾಕೆ ನಿಂತಿದೀಯೇ?" ಎಂದಳು.

"ನಾನೂಂತ ಹೆಂಗೆ ಗೊತ್ತಾಯ್ತಕ್ಕಾ?"

"ಎಡಗಡೆ ಭುಜ ಇಳಿದಿದೆಯಲ್ಲೇ. ಹುಳದ ಸೊಪ್ಪಿನ ಹೊರೆ ಹೊತ್ತೂ ಹೊತ್ತೂ…"

ಹತ್ತಿರ ಹೋಗಿ ನೋಡಿದೆ. ಹೌದು, ಒಂದು ಭುಜ ಇಳಿದಿತ್ತು. ಕನ್ನಡಿಯಲ್ಲಿ ಬರೀ ಮೂಗುತಿ ನೋಡಿಕೊಂಡ ನನಗೆ ಅದು ಎಂದೂ ಕಂಡಿರಲಿಲ್ಲ.

"ಇದನ್ನ ಯಾಕೆ ಬಿಡ್ಲಿಲ್ಲ ನನ್ನಮ್ಮಾ?"

"ಅದನ್ನ ಬಿಟ್ರೆ ಅದು ನೀನಾಗಲ್ವಲ್ಲ ಅಜ್ಜಿ."

ಚಿತ್ರದ ಅಜ್ಜಿಗೆ ಕಣ್ಣು ಬರೆಯದಿದ್ದದ್ದೇ ಒಳ್ಳೆಯದಾಯಿತು. ಇದ್ದಿದ್ದರೆ, ಆ ಹೊತ್ತಿಗೆ ಸುಣ್ಣದ ಹಿಮವೆಲ್ಲ ನೆನೆದುಹೋಗುತ್ತಿತ್ತು.