ಪಾಕೀಟಿನ ಮೇಲಿನ ಅವ್ವ

ತನ್ನ ಅಂಗಡಿಗೆ ತಾನೇ ಒಂದು ಸ್ಟಾರ್ ಕೊಟ್ಟುಕೊಂಡ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ಮಾನ್ವಿಗೆ ಬನ್ನಿ, ನಮ್ಮ ದೊಡ್ಡವ್ವನನ್ನು ತೋರಿಸುತ್ತೇನೆ. ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಅವಳ ಖಡಕ್ ರೊಟ್ಟಿ ಅಂಗಡಿ. ಗಿರಾಕಿಗಳು ಮೊಬೈಲಿನಲ್ಲಿ ಅಂಗಡಿಗೆ ಸ್ಟಾರ್ ಕೊಡುತ್ತಾರೆಂದು ಅವಳಿಗೆ ಕಲಿಸಿದವಳು ನಾನೇ. ಮರುದಿನ ನೋಡಿದರೆ ಮೊದಲ ಅಭಿಪ್ರಾಯ ಅವಳದೇ: "ನಿನ್ನಿ ರೊಟ್ಟಿ ಸೀದಿದ್ವು. ಹುಲಿಗೆಮ್ಮನ ಲಕ್ಷ್ಯ ಫೋನಿನ್ಯಾಗಿತ್ತು." ಒಂದು ಸ್ಟಾರ್. ಹುಲಿಗೆಮ್ಮ ಎಂದರೆ ಅವಳ ಜೊತೆ ರೊಟ್ಟಿ ಬಡಿಯುವ ಹೆಂಗಸು. ಪಾಪ, ಆಕೆ ಆ ವಾರವೆಲ್ಲ ಮಾತು ಬಿಟ್ಟಿದ್ದಳು.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಮಾರ್ಕೆಟಿಂಗ್ ಪಾಠ ಮಾಡುವವಳು. ದೊಡ್ಡವ್ವ ನಮ್ಮ ಅವ್ವನ ಅಕ್ಕ. ನಾನು ಅಂಬೆಗಾಲಿಡುವಾಗಲೇ ಅವ್ವ ತೀರಿಕೊಂಡಳು, ಅಂದಿನಿಂದ ಸಾಕಿದವಳು ಇವಳೇ. ರೊಟ್ಟಿ ಬಡಿದೇ ನನಗೆ ಮಾರ್ಕೆಟಿಂಗ್ ಓದಿಸಿದಳು. ಆದರೆ ಆ ಓದಿನ ಒಂದಕ್ಷರವನ್ನೂ ತನ್ನ ಅಂಗಡಿಯ ಹೊಸ್ತಿಲು ದಾಟಗೊಡಲಿಲ್ಲ.

ಅವಳಿಗಿರುವುದು ಖರೇ ಹೇಳುವ ಜಡ್ಡು. ಕೇಳಿದ್ದಕ್ಕೆ ಖರೇ ಹೇಳಿದರೆ ಹೇಗೋ ನಡೆದೀತು, ಇವಳು ಕೇಳದ್ದಕ್ಕೂ ಹೇಳುತ್ತಾಳೆ. ಒಮ್ಮೆ ದೇವದುರ್ಗದವರೊಬ್ಬರು ಬಸ್ಸಿಳಿದು ನೇರ ಅಂಗಡಿಗೆ ಬಂದರು.

"ರೊಟ್ಟಿ ಇವತ್ತಿನವೇನ್ರೀ?"

"ಮೊನ್ನೀವ್ರೀ. ಇವತ್ತಿನವು ಬೇಕಂದ್ರ ಸಂಜಿಗಿ ಬರ್ರಿ."

"ಸಂಜಿಗಿ ನಾ ದೇವದುರ್ಗದಾಗ ಇರ್ತೀನ್ರೀ."

"ಹಂಗಾರ ಅಲ್ಲೇ ತೊಗೋರಿ. ಅಲ್ಲೂ ಛಲೋ ಮಾಡ್ತಾರ."

ಹೀಗೆ ಬಂದ ಗಿರಾಕಿಯನ್ನು ಊರು ದಾಟಿಸಿ ಕಳಿಸುವ ವ್ಯಾಪಾರಕ್ಕೆ ಯಾವ ಪಠ್ಯಪುಸ್ತಕದಲ್ಲಿ ಹೆಸರಿದೆಯೋ ನನಗಂತೂ ಗೊತ್ತಿಲ್ಲ.

ನಾನೂ ಸುಮ್ಮನೆ ಕೂತವಳಲ್ಲ. 'ಸಾವಯವ ಜೋಳದ ರೊಟ್ಟಿ' ಎಂದು ಬಣ್ಣದ ಚೀಟಿ ಅಚ್ಚು ಹಾಕಿಸಿಕೊಟ್ಟೆ. ಸಾವಯವ ಎಂದರೇನೆಂದು ನನ್ನಿಂದಲೇ ಕೇಳಿ ತಿಳಿದುಕೊಂಡ ದೊಡ್ಡವ್ವ, ಜೋಳ ಕೊಡುವ ಕುರ್ಡಿಯ ರೈತನಿಗೆ ಫೋನು ಹಚ್ಚಿದಳು. "ಒಂದೀಟು ಯೂರಿಯಾ ಒಗದೀನಿ ಯವ್ವಾ" ಎಂದನಂತೆ ಆತ. ಮುಂದಿನ ಸಲ ನಾನು ಬಂದಾಗ ಪ್ರತಿ ಚೀಟಿಯ ಮೇಲೂ 'ಸಾವಯವ'ದ ಪಕ್ಕಕ್ಕೆ ಪೆನ್ನಿನಲ್ಲಿ ಬರೆದಿತ್ತು: 'ಅಲ್ಲ. ಒಂದೀಟು ಯೂರಿಯಾ ಹಾಕ್ಯಾರ.'

ಆಮೇಲೆ ವಿಡಿಯೋ ಮಾಡಿದೆ. "ಜೋಳದ ರೊಟ್ಟಿ ತಿಂದ್ರ ಶುಗರ್ ಹತೋಟ್ಯಾಗಿರ್ತದ, ಇಷ್ಟ ಅನ್ನು ಸಾಕು" ಎಂದು ಗಿಣಿಗೆ ಹೇಳಿದಂತೆ ಹೇಳಿಕೊಟ್ಟೆ. ಅವಳು ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡಿ ಅಂದಳು: "ರೊಟ್ಟಿ ತಿಂದ್ರ ಶುಗರ್ ಹತೋಟ್ಯಾಗಿರ್ತದ ಅನ್ನು ಅಂತ ಇಕಿ ಹೇಳಾಕತ್ಯಾಳ. ನಾ ಹಲ್ಲು ಬಂದಾಗಿಂದ ರೊಟ್ಟಿನೇ ತಿನ್ನಾಕತ್ತೀನಿ. ನನಗ ಶುಗರ್ ಅದ." ಈಗ ಕ್ಲಾಸಿನಲ್ಲಿ ವ್ಯಾಪಾರ ನೀತಿಯ ಪಾಠ ಬಂದರೆ ಹುಡುಗರು ಪುಸ್ತಕ ತೆಗೆಯುವುದಿಲ್ಲ, "ಮೇಡಂ, ದೊಡ್ಡವ್ವನ ವಿಡಿಯೋ ಹಚ್ರಿ" ಎನ್ನುತ್ತಾರೆ.

ನಾನು ಶಾಲೆಗೆ ಹೋಗುವಾಗಲೂ ಇದೇ ಗೋಳು. ಟೀಚರು ಬಾಯ್ತುಂಬ "ನಿಮ್ಮ ಮಗಳು ಭಾಳ ಶ್ಯಾಣ್ಯಾಕಿ ಅದಾಳ್ರೀ" ಎಂದರೆ, ಇವಳು ತಟ್ಟನೆ "ಅಲ್ರೀ, ನಮ್ಮ ತಂಗಿ ಮಗಳು" ಎನ್ನುವಳು. ನಾನೇ ಬಾಯ್ತಪ್ಪಿ "ಅವ್ವಾ" ಎಂದರೂ ಗೋಡೆಯ ಫೋಟೋ ಕಡೆ ಬೆರಳು ತೋರಿಸುವಳು. "ನಿಮ್ಮವ್ವ ಅಲ್ಲಿ ಅದಾಳ. ನಾ ದೊಡ್ಡವ್ವ." ತಂಗಿಯ ಪಾಲಿನದನ್ನು ತಾನು ಹೊಡೆದುಕೊಂಡಂತಾಗಬಾರದಲ್ಲ!

ಈಚೆಗೆ ಊರಿಗೆ ಮಷೀನಿನ ರೊಟ್ಟಿ ಬಂತು. ಎಲ್ಲವೂ ಒಂದೇ ಸಮ ದುಂಡಗೆ, ಮೇಲೆ 'ಕೈಯಿಂದ ಬಡಿದದ್ದು' ಎಂಬ ಬರಹ ಬೇರೆ. ದೊಡ್ಡವ್ವನ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಜಾರಿದರು. ಓಡಾಡಿ ನಾನು ರಾಯಚೂರಿನ ದೊಡ್ಡ ಅಂಗಡಿಯೊಂದರ ಮ್ಯಾನೇಜರನ್ನು ಒಪ್ಪಿಸಿ ಕರೆತಂದೆ. "ಇದೂ ಆಗಲಿಲ್ಲಂದ್ರ ಕದಾ ಹಾಕೂದ. ಆದ್ರ ಕೈ ಕಟಗೊಂಡು ನಿನ್ನ ಮನ್ಯಾಗ ಕುಂದ್ರಾಕ ನನ್ನಿಂದ ಆಗಂಗಿಲ್ಲ ನೋಡು" ಎಂದು ದೊಡ್ಡವ್ವ ಹಿಂದಿನ ದಿನವೇ ಹೇಳಿದ್ದಳು. ಹಾಗೆ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಮ್ಯಾನೇಜರ್ ರೊಟ್ಟಿ ಮುರಿದ. "ಅಂಚಿಗೆ ಸೀದದ್ರೀ, ನೋಡ್ಕೊಂಡು ತಿನ್ರಿ" ಎಂದಳು ದೊಡ್ಡವ್ವ. ಅವನಿಗೆ ನಗು ಬಂತು. ರುಚಿಯೂ ಹಿಡಿಸಿತು.

"ಪಾಕೀಟಿನ ಮ್ಯಾಲ 'ಅವ್ವನ ರೊಟ್ಟಿ' ಅಂತ ಹಾಕೂಣ್ರೀ. ಬಾಜೂಕ ನಿಮ್ಮ ಫೋಟೋ."

"ಯಾರ ಅವ್ವನ್ರೀ?"

"ನೀವ ಅವ್ವ."

"ನನಗ ಮಕ್ಕಳಿಲ್ರೀ. ಸುಳ್ಳಾಗ್ತದ."

"ಅಜ್ಜಿ ಉಪ್ಪಿನಕಾಯಿ ಅಂತ ಮಾರ್ತಾರ. ಆ ಫ್ಯಾಕ್ಟರ್ಯಾಗ ಅಜ್ಜಿ ಕುಂತಿರ್ತಾಳೇನ್ರೀ?"

"ಇಲ್ಲಂದ್ರ ಬರೇ ಉಪ್ಪಿನಕಾಯಿ ಅಂತ ಬರೀಬೇಕ್ರೀ."

'ದೊಡ್ಡವ್ವನ ರೊಟ್ಟಿ' ಎಂದು ಹಾಕೋಣವೆಂದು ನಾನು ನಡುವೆ ಬಂದೆ. "ಅವ್ವ ಅಂದ್ರ ಮಂದಿ ಕರುಳಿಗೆ ತಾಕ್ತದ್ರೀ ಮೇಡಂ. ದೊಡ್ಡವ್ವ ಅಂದ್ರ ಅಷ್ಟು ತಾಕಂಗಿಲ್ಲ" ಎಂದು ಅವನು ಬ್ಯಾಗು ಹೆಗಲಿಗೇರಿಸಿ ಎದ್ದ.

ದೊಡ್ಡವ್ವ ಅವನನ್ನು ತಡೆಯಲಿಲ್ಲ. ಹಿಟ್ಟು ನಾದುತ್ತಿದ್ದ ಕೈ ಮಾತ್ರ ನಿಂತಿತ್ತು. "ನಾಳೆ ಯಾರರ ಬಂದು, ನೀ ಯಾರ ಅವ್ವ ಅಂತ ಕೇಳಿದ್ರ ಯಾರನ್ನ ತೋರಿಸ್ಲಿ?" ಎಂದಳು, ಹಿಟ್ಟಿಗೆ ಹೇಳುವಂತೆ.

"ನನ್ನ ತೋರಸು" ಎಂದೆ. ಹೊಸ್ತಿಲಿಗೆ ಹೋಗಿದ್ದ ಮ್ಯಾನೇಜರನತ್ತ ತಿರುಗಿದೆ. "ಬರಕೊಳ್ರಿ ಸರ್. ಇಕಿ ನಮ್ಮವ್ವ."

"ಅಲ್ರೀ..." ಎಂದು ದೊಡ್ಡವ್ವ ರೂಢಿಯಂತೆ ಬಾಯಿ ತೆಗೆದಳು. ಗೋಡೆಯ ಫೋಟೋ ನೋಡಿದಳು. ನನ್ನನ್ನು ನೋಡಿದಳು.

"ಖರೇ ಹೇಳಾಕತ್ತೀಯೋ, ಧಂದೇಕ್ಕ ಹೇಳಾಕತ್ತೀಯೋ?"

"ಖರೇ ಬೇ, ಅವ್ವಾ."

ಈ ಸಲ ಅವಳ ಬೆರಳು ಫೋಟೋ ಕಡೆ ಏಳಲಿಲ್ಲ. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು, "ಬರಕೊಳ್ರಿ" ಎಂದಳು. ಹುಲಿಗೆಮ್ಮನೂ ಮೂಗೊರೆಸಿಕೊಳ್ಳುತ್ತ ನಿಂತಿದ್ದಳು. ಹೆಂಚಿನಿಂದ ಹೊಗೆ ಎದ್ದದ್ದು ನಮ್ಮ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ರಾಯಚೂರಿನ ಬಸ್ಸಿನಲ್ಲಿ ಕೂತು ಮೊಬೈಲು ತೆಗೆದೆ. ಅವಳು ತನ್ನ ಹಳೆಯ ಅಭಿಪ್ರಾಯವನ್ನು ತಿದ್ದಿ ಬರೆದಿದ್ದಳು: "ಇವತ್ತೂ ರೊಟ್ಟಿ ಸೀದ್ವು. ಮಗಳು ಬಂದಿದ್ಲು."

ಐದು ಸ್ಟಾರ್.