ಕಲ್ಲುಮನೆಯ ಮೂಲ ಸ್ವರೂಪ

ಅಡುಗೆಮನೆಗೆ ಒಂದು ಕಿಟಕಿ ಬೇಕು ಎಂದು ಹೆಂಡತಿ ಕೇಳಿದ್ದು ಮನೆ ಕೊಂಡ ಮೊದಲನೇ ವಾರದಲ್ಲಿ. ಆ ಕೋರಿಕೆ ನಾಲ್ಕು ವರ್ಷಗಳಿಂದ ಪರಿಶೀಲನೆಯಲ್ಲಿತ್ತು. ಪರಿಶೀಲಿಸುತ್ತಿದ್ದವರು ಕನ್ನಡಕದ ಅಂಗಡಿಯ ಯಜಮಾನರು, ಅಂದರೆ ಆಕೆಯ ಗಂಡ. ಊರಿನವರ ಕಣ್ಣಿನ ದೋಷವನ್ನೆಲ್ಲ ಪತ್ತೆಹಚ್ಚುವ ಈ ಮಹಾನುಭಾವರಿಗೆ, ಈರುಳ್ಳಿ ಹುರಿಯುವ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ನಿಂತ ಸ್ವಂತ ಹೆಂಡತಿ ಮಾತ್ರ ಕಾಣುತ್ತಿರಲಿಲ್ಲ.

ಮನೆ ಎಂದರೆ ಅಂತಿಂಥ ಮನೆಯಲ್ಲ. ಇನ್ನೂರು ವರ್ಷದ ಕಲ್ಲಿನ ಕಟ್ಟಡ, ಎರಡು ಮೊಳ ದಪ್ಪದ ಗೋಡೆ. ಇವರು ಕೊಳ್ಳುವ ಮೊದಲು ಗೋದಾಮಾಗಿತ್ತು. ಅದಕ್ಕೂ ಮೊದಲು ಏನಾಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲದ ವಿಷಯದಲ್ಲಿ ಪಂಡಿತನಾಗುವುದು ಸುಲಭ. ಹಜಾರದ ಗೋಡೆಯಲ್ಲಿ ಸಾಲಾಗಿದ್ದ ಒಂಬತ್ತು ಕಬ್ಬಿಣದ ಬಳೆಗಳನ್ನು ನೋಡಿದ್ದೇ ತಡ, ಇದು ಸೇನಾಪತಿಯ ಅರಮನೆ, ಸೋತ ರಾಜರನ್ನು ಈ ಬಳೆಗಳಿಗೇ ಕಟ್ಟುತ್ತಿದ್ದರು ಎಂದು ಯಜಮಾನರು ತೀರ್ಪು ಕೊಟ್ಟರು. (ಒಂಬತ್ತು ರಾಜರು ಒಟ್ಟಿಗೆ ಸೋತದ್ದು ಯಾವ ಯುದ್ಧದಲ್ಲಿ ಎಂದು ಕೇಳುವ ಧೈರ್ಯ ಅಂಗಡಿಯ ಗಿರಾಕಿಗಳಿಗೆ ಇರಲಿಲ್ಲ, ಅವರ ಕನ್ನಡಕ ಇನ್ನೂ ಯಜಮಾನರ ಕೈಯಲ್ಲೇ ಇರುತ್ತಿತ್ತು.) ಹಜಾರದ ಮೂಲೆಗೆ ಹಲಗೆಯ ಅಡ್ಡಗೋಡೆ ಹಾಕಿಸಿ ‘ಸಂಶೋಧನಾ ಮಂದಿರ’ ಎಂದು ಹೆಸರಿಟ್ಟರು. ಸಂಶೋಧನೆ ಮಧ್ಯಾಹ್ನದ ಊಟದ ನಂತರ ಆರಂಭವಾಗಿ ಗೊರಕೆಯೊಂದಿಗೆ ಪ್ರಗತಿ ಹೊಂದುತ್ತಿತ್ತು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಲೆಕ್ಕ ತಪ್ಪಿದರೆ ಬಿಡುವ ಪೈಕಿಯಲ್ಲ.

“ರೀ, ನಿಮ್ಮ ರೂಮಿಗೆ ಹಲಗೆ ಗೋಡೆ ಹಾಕಿಸ್ಕೊಂಡ್ರಲ್ಲ, ಆವಾಗ ಇತಿಹಾಸ ಎಲ್ಲಿ ಹೋಗಿತ್ತು?”

“ಅದು ಮರ ಕಣೇ. ಕಲ್ಲು ಮುಟ್ಟಿಲ್ಲ ನಾನು. ನೀನು ಒಡೀಬೇಕು ಅಂತಿರೋದು ಇನ್ನೂರು ವರ್ಷದ ಕಲ್ಲು!”

“ನನ್ನ ಶ್ವಾಸಕೋಶಕ್ಕೆ ನಲವತ್ತಾರು ವರ್ಷ. ಅದನ್ನೂ ಒಂಚೂರು ಸಂರಕ್ಷಣೆ ಮಾಡಿ.”

“ಸೇನಾಪತಿ ಹೆಂಡ್ತಿ ಇದೇ ಅಡುಗೆಮನೇಲಿ ಅಡುಗೆ ಮಾಡಿಲ್ವಾ? ಒಂದು ದಿನ ಆದ್ರೂ ಗೊಣಗಿದ್ಳಾ?”

“ಗೊಣಗಿರ್ತಾಳೆ. ಇತಿಹಾಸ ಬರೆಯೋನು ಗಂಡಸಲ್ವಾ, ಬಿಟ್ಟಿರ್ತಾನೆ.”

ಹೀಗೆ ಮಾತಿಗೆ ಮಾತು ಬೆಳೆಯುತ್ತಿರುವಾಗಲೇ ಒಂದು ದಿನ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದು ನೋಡುತ್ತಾರೆ, ಗಾರೆ ಮೇಸ್ತ್ರಿ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆಯುತ್ತಿದ್ದಾನೆ! ಹೆಂಡತಿ ಪಕ್ಕದಲ್ಲೇ ಸ್ಕೇಲು ಹಿಡಿದು ನಿಂತಿದ್ದಾಳೆ. ಯಜಮಾನರು ಮೇಸ್ತ್ರಿಯನ್ನು ಹೇಗೋ ಸಾಗಹಾಕಿ, ಊಟವನ್ನೂ ಮಾಡದೆ ಪುರಾತನ ಕಟ್ಟಡಗಳ ಇಲಾಖೆಗೆ ಓಡಿದರು. ಸಂರಕ್ಷಿತ ಕಟ್ಟಡವೆಂದು ಸರ್ಕಾರದ ಮುದ್ರೆ ಬಿದ್ದರೆ ಈ ಗಣಿತಕ್ಕೆಲ್ಲ ಪೂರ್ಣವಿರಾಮ ಎಂಬುದು ಅವರ ಉಪಾಯ.

ಕಟ್ಟಡದ ಮೂಲ ಸ್ವರೂಪಕ್ಕೆ ಧಕ್ಕೆ ತರುವುದಿಲ್ಲ ಎಂದಷ್ಟೇ ಅರ್ಜಿ ನಮೂನೆಯಲ್ಲಿ ಬರೆದುಕೊಡಬೇಕಿತ್ತು. ಯಜಮಾನರಿಗೆ ಅಷ್ಟರಲ್ಲಿ ತೃಪ್ತಿಯಾಗಲಿಲ್ಲ. ‘ಈಗಾಗಲೇ ಏನಾದರೂ ಧಕ್ಕೆಯಾಗಿದ್ದಲ್ಲಿ ಸ್ವಂತ ಖರ್ಚಿನಲ್ಲಿ ಮೂಲದಂತೆಯೇ ಸರಿಪಡಿಸಲು ಬದ್ಧನಾಗಿರುತ್ತೇನೆ’ ಎಂದು ಯಾರೂ ಕೇಳದ ಭೀಷಣ ಪ್ರತಿಜ್ಞೆಯೊಂದನ್ನು ಕೆಂಪು ಶಾಯಿಯಲ್ಲಿ ಸೇರಿಸಿ, ಕೆಳಗೆ ಎರಡೆರಡು ಗೆರೆ ಎಳೆದರು.

ಹದಿನೈದು ದಿನಕ್ಕೆ ಇಲಾಖೆಯ ಅಧಿಕಾರಿಣಿ ಬಂದರು. ಯಜಮಾನರು ಕೋಟು ತೊಟ್ಟು ಸೇನಾಪತಿಯ ಶೌರ್ಯವನ್ನು ವರ್ಣಿಸುತ್ತಿದ್ದರೆ ಆಕೆ ಟೇಪು ಹಿಡಿದು ಅಳೆಯುತ್ತಲೇ ಇದ್ದರು. ಕೊನೆಗೆ ಚೀಲದಿಂದ ಹಳದಿಗಟ್ಟಿದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು.

“ಇದು ಕುದುರೆ ಆಸ್ಪತ್ರೆ ಸಾರ್.”

“ಸೇನಾಪತಿ ಕುದುರೆಗಳದ್ದಾ?” ಯಜಮಾನರ ದನಿಯಲ್ಲಿ ಕೊನೆಯ ಆಸೆಯಿತ್ತು.

“ಗಾಡಿ ಕುದುರೆಗಳದ್ದು. ಈ ಬಳೆಗಳಿಗೆ ಕಟ್ಟಿ ಔಷಧಿ ಕುಡಿಸ್ತಿದ್ರು. ಅಡುಗೆಮನೆ ಇದೆಯಲ್ಲ, ಅದು ಕಷಾಯ ಕುದಿಸೋ ಕೋಣೆ. ಅಲ್ಲೊಂದು ಅಗಲವಾದ ಕಿಟಕಿ ಇತ್ತು, ಯಾರೋ ಮುಚ್ಚಿಬಿಟ್ಟಿದಾರೆ. ಹೊಗೆ ಕುಡಿದು ಕುದುರೆಗಳಿಗೆ ಕೆಮ್ಮು ಬರಬಾರ್ದು ಅಂತ ಇಟ್ಟಿದ್ದಂತೆ.”

“ಕುದುರೆ ಬಗ್ಗೆನಾದ್ರೂ ಯೋಚನೆ ಮಾಡೋರು ಈ ಮನೇಲಿದ್ರಲ್ಲ, ಪುಣ್ಯ,” ಎಂದಳು ಹೆಂಡತಿ.

“ಕಿಟಕಿ ತೆಗೆಸ್ಬೇಕು ಸಾರ್. ಈ ಹಲಗೆ ಗೋಡೆ ನಕ್ಷೇಲೇ ಇಲ್ಲ, ಇದನ್ನ ಕೀಳ್ಸಿ. ಒಂದು ತಿಂಗಳು ಟೈಮಿದೆ. ಸ್ವಂತ ಖರ್ಚಲ್ಲಿ ಅಂತ ನೀವೇ ಬರ್ಕೊಟ್ಟಿದೀರಿ. ಇಂಥಾ ಅರ್ಜಿದಾರರು ನಮಗೆ ಸಿಗೋದೇ ಅಪರೂಪ.”

ತಿಂಗಳೊಳಗೆ ಕಿಟಕಿ ತೆರೆಯಿತು, ಸಂಶೋಧನಾ ಮಂದಿರ ಬಟಾಬಯಲಾಯಿತು. ಹೆಂಡತಿ ಕಿಟಕಿಯ ಬಳಿ ನಿಂತು ಗುನುಗುತ್ತ ಈರುಳ್ಳಿ ಹುರಿದಳು. ಯಜಮಾನರಿಗೆ ಅವಮಾನದಿಂದ ನಿಜವಾಗಿಯೂ ಅಳು ಬಂತು. ತಪ್ಪನ್ನು ಈರುಳ್ಳಿಯ ಮೇಲೆ ಹಾಕೋಣವೆಂದರೆ ಹೊಗೆಯೆಲ್ಲ ಹೊರಗೆ ಹೋಗುತ್ತಿತ್ತು. ಇದು ಸಾಲದೆಂಬಂತೆ ಇಲಾಖೆಯವರು ಗೇಟಿನ ಮುಂದೆ ನೀಲಿ ಬೋರ್ಡು ನೆಟ್ಟು ಹೋದರು. ‘ಕುದುರೆ ಆಸ್ಪತ್ರೆ’ ಎಂಬುದು ದಪ್ಪ ಅಕ್ಷರದಲ್ಲಿ, ‘ಸಂರಕ್ಷಿತ ಕಟ್ಟಡ’ ಎಂಬುದು ಇರುವೆಯಷ್ಟು ಅಕ್ಷರದಲ್ಲಿ.

ಮುಂದಿನ ಭಾನುವಾರ ಬೆಳಿಗ್ಗೆ ಇಟ್ಟಿಗೆ ಸಾಗಿಸುವವನೊಬ್ಬ ಕತ್ತೆಯನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದ.

“ಅಕ್ಕಾ, ಡಾಕ್ಟ್ರು ಇದಾರಾ? ಮೂರು ದಿನದಿಂದ ಹುಲ್ಲು ಮುಟ್ತಿಲ್ಲ ಇದು.”

“ರೀ!” ಹೆಂಡತಿ ಸಂಭ್ರಮದಿಂದ ಕೂಗಿದಳು. “ಬನ್ನಿ ಇಲ್ಲಿ. ಈ ಕಟ್ಟಡದ ವಿಷಯ ಪೂರ್ತಿ ತಿಳ್ದಿರೋರು ನೀವೇ, ನೀವೇ ಹೇಳಿ.”

ಯಜಮಾನರು ಹೊರಗೆ ಬಂದು, ಇದು ಹಿಂದಿನ ಕಾಲದ ಆಸ್ಪತ್ರೆ, ಈಗ ಸಂಸಾರಸ್ಥರ ಮನೆ ಎಂದು ಬಿಡಿಸಿ ಬಿಡಿಸಿ ಹೇಳಿದರು.

“ಸರ್ಕಾರ ಸುಳ್ಳು ಬರೆಯುತ್ತಾ ಸ್ವಾಮಿ? ಕತ್ತೆ ಅಂತ ತಾತ್ಸಾರ ಮಾಡ್ಬೇಡಿ,” ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ಬೀದಿಯಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ಬೇರೆ ದಾರಿ ಕಾಣದೆ ಯಜಮಾನರು, ತಮಗೆ ಬರುವ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಟಾರ್ಚು ತಂದು, ಕತ್ತೆಯ ರೆಪ್ಪೆ ಎತ್ತಿ, ಎಡಗಣ್ಣು ಬಲಗಣ್ಣು ಎರಡನ್ನೂ ಗಂಭೀರವಾಗಿ ಪರೀಕ್ಷಿಸಿದರು.

“ದೃಷ್ಟಿ ಚೆನ್ನಾಗೇ ಇದೆ,” ಎಂದರು.

ಅವನು ಭಕ್ತಿಯಿಂದ ಕೈಮುಗಿದು ಕತ್ತೆಯ ಬಾಲದ ಕಡೆ ಅವರನ್ನು ಕರೆದ. “ಹಾಗಾದ್ರೆ ಇನ್ನು ಈ ಕಡೆ ನೋಡ್ಬಿಡಿ ಡಾಕ್ಟ್ರೇ.”