ದೇಶ ಬಿಡುವ ನನ್ನ ತಮ್ಮ

ನನ್ನ ತಮ್ಮ ದೇಶ ಬಿಟ್ಟು ಹೊರಟಷ್ಟು ಸಲ ನೀವು ನಿಮ್ಮ ತವರಿಗೂ ಹೊರಟಿರಲಾರಿರಿ! ಆದರೆ ಅವನು ದೇವನಹಳ್ಳಿ ದಾಟಿದ್ದನ್ನು ಮಾತ್ರ ಇದುವರೆಗೆ ಕಂಡವರಿಲ್ಲ. ತಪ್ಪು ಅವನದಲ್ಲ, ವಿಮಾನ ನಿಲ್ದಾಣವನ್ನು ತಂದು ದೇವನಹಳ್ಳಿಯಲ್ಲಿ ಕಟ್ಟಿದವರದು. ಸೂಲಿಬೆಲೆ ಪಕ್ಕದ ನಮ್ಮ ಹಳ್ಳಿಯಿಂದ ಹೊರಟು ಒಂದು ಬಸ್ಸು ಬದಲಾಯಿಸಿದರೆ ನಿಲ್ದಾಣ. ದೇಶ ಬಿಡುವುದು ಇಷ್ಟು ಸಲೀಸಾದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ?

ನಾನು ನಿವೃತ್ತ ವ್ಯಾಯಾಮ ಶಿಕ್ಷಕಿ. ಒಮ್ಮೆ ಸೀಟಿ ಊದಿದರೆ ಸಾಲಾಗಬೇಕು, ಇನ್ನೊಮ್ಮೆ ಊದಿದರೆ ಚದುರಬೇಕು. ಬದುಕಿನಲ್ಲಿ ಇವೆರಡು ಬಿಟ್ಟು ಮೂರನೆಯದು ಇದೆಯೆಂದು ನಾನು ನಂಬಿದವಳಲ್ಲ. ತಮ್ಮ ಆ ಮೂರನೆಯದು! ಹಸು ಸಾಕುತ್ತಾನೆ, ದನದ ವ್ಯಾಪಾರದಲ್ಲಿ ದಳ್ಳಾಳಿಯಾಗಿ ಓಡಾಡುತ್ತಾನೆ, ಬಿಡುವಿದ್ದಾಗ ದೇಶ ಬಿಡುತ್ತಾನೆ.

ಸರ್ಕಾರ ಅಲುಗಾಡಿತು, ಶಾಸಕರು ರೆಸಾರ್ಟ್ ಸೇರಿದರು, ಎಲ್ಲೋ ನಿಷೇಧಾಜ್ಞೆ ಬಿತ್ತು ಎಂದು ಟಿವಿಯಲ್ಲಿ ಬಂದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ಲುತ್ತಿದ್ದ. "ಅಕ್ಕಾ, ಈ ದೇಶದಲ್ಲಿ ಇನ್ನು ಮನುಷ್ಯ ಬಾಳಕ್ಕಾಗಲ್ಲ. ಹೊಂಟೆ."

"ಊಟದ ಹೊತ್ತಿಗೆ ಬಾ," ಎನ್ನುತ್ತಿದ್ದೆ.

ಬರುತ್ತಿದ್ದ. ಒಮ್ಮೆ ನಿಲ್ದಾಣದ ಹೊರಗೆ ಕಾಫಿಯ ಬೆಲೆ ಕೇಳಿ, "ಮೋಸ ಹೋಗಕ್ಕೆ ಇಲ್ಲೇ ಇಷ್ಟು ಅನುಕೂಲ ಇರುವಾಗ ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದು ಹಿಂದಿರುಗಿದ. ಅವನ ಸೂಟ್‌ಕೇಸಿನ ಮೇಲೆ ಅವನ ಹೆಂಡತಿಗೆ ಎಷ್ಟು ಭರವಸೆಯೆಂದರೆ, ಅದರಲ್ಲಿ ಒಣಗಿದ ಅವರೆಬೇಳೆ ತುಂಬಿಸಿ ಇಟ್ಟುಬಿಟ್ಟಿದ್ದಳು.

ಅವನು ದೇಶಗಳನ್ನು ಆರಿಸುತ್ತಿದ್ದ ರೀತಿಯನ್ನಾದರೂ ಕೇಳಿ. ಎತ್ತು ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡುತ್ತಾರಲ್ಲ, ಹಾಗೆ! ಟಿವಿಯಲ್ಲಿ ಯಾವುದೋ ದೇಶದ ಪ್ರಧಾನಿ ಭಾಷಣ ಮಾಡುತ್ತಿದ್ದರೆ ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಿದ್ದ. "ಬಾಯೇ ಸರಿಯಾಗಿ ತೆಗೆಯಲ್ವಲ್ಲಕ್ಕ ಇವನು. ಹಲ್ಲು ನೋಡ್ದೆ ವ್ಯಾಪಾರ ಮಾಡೋದಾ?" ಆ ದೇಶ ಅಲ್ಲಿಗೆ ರದ್ದು. ಜಪಾನಿನಲ್ಲಿ ಭೂಮಿ ನಡುಗುತ್ತದೆಂದು ಕೇಳಿ, "ಒದೆಯೋ ಬುದ್ಧಿ ಐತೆ, ಬ್ಯಾಡ" ಎಂದ. ಜರ್ಮನಿಯಿಂದ ರಜೆಗೆ ಬಂದಿದ್ದ ಪರಿಚಯದ ಯುವಕನನ್ನು, "ಅಲ್ಲಿ ಚಳೀಲಿ ದನ ಎಲ್ಲಿ ಕಟ್ತಾರಪ್ಪ?" ಎಂದು ಕೇಳಿದ. "ನೋಡಿಲ್ಲ ಅಂಕಲ್, ನಾನಿರೋದು ಅಪಾರ್ಟ್‌ಮೆಂಟಲ್ಲಿ" ಎಂದ ಆ ಪಾಪದವನು. "ದನಾನೇ ನೋಡದೋನು ದೇಶ ಏನ್ ನೋಡಿರ್ತಾನೆ!" ಜರ್ಮನಿಯೂ ಹೋಯಿತು.

ಹೀಗೆ ನಗುತ್ತಲೇ ಕಾಲ ಕಳೆಯುತ್ತಿತ್ತು. ಕಳೆದ ಚುನಾವಣೆಯ ನಂತರ ಟಿವಿಯಲ್ಲಿದ್ದ ಜಗಳ ಇಳಿದು ನಮ್ಮ ಬೀದಿಗೇ ಬಂತು. ಊರು ಎರಡು ಪಾರ್ಟಿಯಾಯಿತು. ಒಂದಕ್ಕೆ ಪಂಚಾಯ್ತಿಯ ಮಾಜಿ ಅಧ್ಯಕ್ಷರು ಮುಂದಾಳು, ಇನ್ನೊಂದಕ್ಕೆ ರಾಗಿ ಮಿಲ್ಲಿನ ಯಜಮಾನರು. ಮೊದಲು ಮಾತು ನಿಂತಿತು, ಆಮೇಲೆ ಮದುವೆಗೆ ಕರೆಯುವುದು ನಿಂತಿತು. ಕೊನೆಗೆ ಹಾಲಿನ ಡೇರಿಯಲ್ಲಿ ಎರಡೂ ಕಡೆಯವರು, "ಅವರ ಹಾಲಿನ ಜೊತೆ ನಮ್ಮ ಹಾಲು ಬೆರೆಸಬೇಡಿ, ನಮಗೆ ಬೇರೆ ಕ್ಯಾನ್ ಇಡಿ" ಎಂದು ಹಟ ಹಿಡಿದರು!

ತಮ್ಮ ಸುಮ್ಮನಿದ್ದಾನೆಯೇ? ತುಂಬಿದ ಕ್ಯಾನಿನಿಂದ ಒಂದು ಲೋಟ ಹಾಲು ಎತ್ತಿಕೊಂಡು ಸಾಲಿನುದ್ದಕ್ಕೂ ನಡೆದ. "ಇದು ಯಾವ ಪಾರ್ಟಿದು ಅಂತ ಕುಡಿದು ಹೇಳ್ರಪ್ಪ, ನನ್ನ ಹಸೂನ ಅವರಿಗೆ ಬಿಟ್ಟಿ ಕೊಡ್ತೀನಿ." ಯಾರೂ ಕುಡಿಯಲಿಲ್ಲ. ತಾನೇ ಕುಡಿದು ಮೀಸೆ ಒರೆಸಿಕೊಂಡ. "ನಂಗೂ ಗೊತ್ತಾಗ್ಲಿಲ್ಲ ಗುರು!"

ಬಹಳ ದಿನಗಳ ಮೇಲೆ ಆ ಎರಡು ಪಾರ್ಟಿಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದವು: ನನ್ನ ತಮ್ಮನನ್ನು ಬಹಿಷ್ಕರಿಸಬೇಕು! ವ್ಯಾಪಾರಕ್ಕೆ ಕರೆಯುವವರಿಲ್ಲ, ಕರು ಹಾಕಿಸಲು ಕರೆಯುವವರಿಲ್ಲ. ಒಂದು ಸಂಜೆ ಕಿಟಕಿಗೆ ಕಲ್ಲು ಬಿತ್ತು. ಗಾಜಿನ ಚೂರು ಸಿಡಿದು ಅವನ ಹೆಂಡತಿಯ ಹಣೆಗೆ ಹೊಲಿಗೆ ಹಾಕಿಸಬೇಕಾಯಿತು.

ಆಮೇಲೆ ಅವನು ದೇಶ ಬಿಡುವ ಮಾತೇ ಆಡಲಿಲ್ಲ. ನನಗೆ ದಿಗಿಲಾದದ್ದು ಆಗ. ಅವನ ಭಾವಮೈದ ನ್ಯೂಜಿಲೆಂಡಿನಲ್ಲಿ ದೊಡ್ಡ ಹಸುವಿನ ಫಾರ್ಮ್ ನೋಡಿಕೊಳ್ಳುತ್ತಾನೆ. "ಇಬ್ಬರೂ ಬನ್ನಿ, ಇಲ್ಲಿ ಕೆಲಸ ಐತೆ, ಮನೆ ಐತೆ" ಎಂದು ಕರೆದ. ವೀಸಾ ಕೂಡ ಬಂತು. ಯಾವತ್ತೂ ನಗುತ್ತಿದ್ದ ನಾನು ಈ ಸಲ ಸೀಟಿ ಊದಿಯೇಬಿಟ್ಟೆ.

"ಹೊರಡು. ಯೋಚನೆ ಮಾಡಬೇಡ," ಎಂದೆ.

"ಹಸು?"

"ಮಾರು."

ಸೂಟ್‌ಕೇಸಿನಿಂದ ಅವರೆಬೇಳೆಯನ್ನು ನಾನೇ ಡಬ್ಬಕ್ಕೆ ಸುರಿದೆ. ಯಾವ ದಿನ ಏನು ಮಾಡಬೇಕೆಂದು ವೇಳಾಪಟ್ಟಿ ಹಾಕಿಕೊಟ್ಟೆ. ಅವನು ಮರುಮಾತಾಡದೆ ಅದರಂತೆ ನಡೆದ. ಅವನು ನನ್ನ ಮಾತು ಕೇಳಿದ್ದು ಅದೇ ಮೊದಲು, ನೋಡಲಾಗುತ್ತಿರಲಿಲ್ಲ.

ಅವನ ಮನೆಯ ದೊಡ್ಡ ಹಸುವಿನ ಮೇಲೆ ಇಡೀ ಹೋಬಳಿಗೇ ಕಣ್ಣು. ಮಾರಾಟದ ಸುದ್ದಿ ಹಬ್ಬಿದ್ದೇ ತಡ, ಬೆಳಿಗ್ಗೆ ಅಧ್ಯಕ್ಷರು ಬಂದರು. ಅಧ್ಯಕ್ಷರು ಬಂದರೆಂದು ಯಜಮಾನರೂ ಬಂದರು. ಹಸು ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವರಿಗೆ ಸಿಗಬಾರದು! ಅಂಗಳದ ತುಂಬ ಜನ. ನಮ್ಮ ಕಡೆಯ ಘಾಟಿ ದನದ ಜಾತ್ರೆಯಲ್ಲಿ ಬೆಲೆಯನ್ನು ಬಾಯಲ್ಲಿ ಕೂಗುವುದಿಲ್ಲ. ಟವೆಲ್ಲಿನ ಮರೆಯಲ್ಲಿ ದಳ್ಳಾಳಿಯ ಬೆರಳು ಹಿಡಿದು, ಅದುಮಿ ತಿಳಿಸುತ್ತಾರೆ. ತಮ್ಮನ ವ್ಯಾಪಾರವೂ ಅದೇ ಪದ್ಧತಿ. ಇಬ್ಬರ ನಡುವೆ ನಿಂತು, ಹೆಗಲ ಟವೆಲ್ ಬಿಡಿಸಿ ಹಿಡಿದ.

"ಇಬ್ಬರೂ ಒಟ್ಟಿಗೆ ಕೈ ಕೊಡ್ರಿ. ಆಮೇಲೆ ನಂಗೆ ಮೊದ್ಲು ಕೇಳ್ಲಿಲ್ಲ ಅನ್ನೋದು ಬ್ಯಾಡ."

ಒಬ್ಬರು ಪೂರ್ವಕ್ಕೆ ಮುಖ ತಿರುಗಿಸಿ ಕೈ ತೂರಿದರು, ಇನ್ನೊಬ್ಬರು ಪಶ್ಚಿಮಕ್ಕೆ. ಟವೆಲ್ಲಿನಡಿ ಅದುಮಿದ್ದೇ ಅದುಮಿದ್ದು! ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು, ಯಜಮಾನರು ಹಲ್ಲು ಕಚ್ಚಿದರು. ಅಷ್ಟರಲ್ಲಿ ನನಗೆ ಕಂಡದ್ದೇನು? ತಮ್ಮನ ಒಂದು ಕೈ ಟವೆಲ್ಲನ್ನು ಮೇಲಿಂದ ಹಿಡಿದಿತ್ತು, ಇನ್ನೊಂದು ಕೈ ಹಸುವಿನ ಬೆನ್ನು ಸವರುತ್ತಿತ್ತು!

ಟವೆಲ್ ಎಳೆದ. ವರ್ಷದಿಂದ ಮುಖ ನೋಡದವರು ಒಬ್ಬರ ಕೈಯನ್ನೊಬ್ಬರು ಭದ್ರವಾಗಿ ಹಿಡಿದು ನಿಂತಿದ್ದರು. ಆಮೇಲೆ ಯಾರೋ ಮುದುಕಿ ಕಿಸಕ್ಕೆಂದಳು, ಅಷ್ಟೇ, ಎರಡೂ ಪಾರ್ಟಿ ಬಿದ್ದು ಬಿದ್ದು ನಕ್ಕವು. "ಲೇ, ನಿನ್ನ..." ಎಂದು ಬೈಯುತ್ತ ಯಜಮಾನರು ಹೊರಟರು. ಅಧ್ಯಕ್ಷರು ಬಹಳ ಹೊತ್ತು ಚಪ್ಪಲಿ ಹುಡುಕಿದರು. ಅದು ಯಜಮಾನರ ಕಾಲಿನಲ್ಲಿ ಹೋಗಿತ್ತು!

ಜನ ಚದುರಿದ ಮೇಲೆ ತಮ್ಮ ಹಸುವಿನ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ.

"ಮಾರಲ್ವೇನೋ?"

"ಇಲ್ಲ. ಹೋಗಲ್ಲ ಕಣಕ್ಕ."

"ಅವರು ನಕ್ಕರು ಅಂತಲಾ? ನಾಳೆ ಮತ್ತೆ ಕಲ್ಲು ಹೊಡೀತಾರೆ!"

"ಹೊಡೀಬೋದು." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಇಬ್ಬರ ಕೈಯನ್ನೂ ಸೇರಿಸಿದ್ದು ನಾನಲ್ವಾ? ಇಬ್ಬರದೂ ತಣ್ಣಗಿತ್ತು, ಗಡಗಡ ನಡುಗ್ತಿತ್ತು ಅಕ್ಕ. ದನ ಹಾಯೋದು ಹೆದರ್ಕೊಂಡಾಗ್ಲೇ. ಹಂಗಂತ ಕೊಟ್ಟಿಗೆ ಬಿಟ್ಟು ಓಡೋಗಕ್ಕಾಯ್ತದಾ? ಪಕ್ಕದಲ್ಲಿ ನಿಂತು ಕತ್ತು ಸವರಬೇಕು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹಣೆಯ ಗಾಯದ ಕಲೆ ಮುಟ್ಟಿಕೊಂಡು, "ಸರಿ ಬಿಡಿ, ಹಾಲು ಕರೀರಿ" ಎಂದಳು.

ಬೈಯಲೆಂದು ನಾನು ಹತ್ತಿರ ಹೋದೆ. ಹಗ್ಗದ ಮೇಲಿದ್ದ ಅವನ ಕೈಯೂ ಸಣ್ಣಗೆ ನಡುಗುತ್ತಿತ್ತು. ಟವೆಲ್ಲಿನ ಮರೆಯಿಲ್ಲದೆ, ಬೀದಿಯವರು ನೋಡುತ್ತಿದ್ದಂತೆಯೇ, ಅದನ್ನು ಹಿಡಿದುಕೊಂಡೆ.